ಚಿಟಿಕೆ ಅರಳೆ

ಸಿದ್ದರಾಮಪ್ಪನ ಫಿಯಾಟ್ ಕಾರು ಆ ಗುರುವಾರ ಬೆಳಿಗ್ಗೆಯೂ ಅಂಗಳದಲ್ಲೇ ಕೆಮ್ಮಿ ನಿಂತಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನ ಅತ್ತಿಗೆ ಉಮಾಬಾಯಿಗೆ ಹಿತವೆನಿಸಿತು. ಕಾರು ಕೆಟ್ಟರೆ ಮಗಳು ಗಿರಿಜಾ ಎಂದಿನಂತೆ ತನ್ನ ತೊಡೆಯ ಮೇಲೆ ಕುಳಿತು ಬಸ್ಸಿನಲ್ಲೇ ಅಕ್ಕಲಕೋಟೆಗೆ, ಗುರುವಾರದ ಸ್ವಾಮಿ ದರ್ಶನಕ್ಕೆ, ಬರುತ್ತಾಳೆ. ಸರಿಹೋದರೆ ಸಿದ್ದರಾಮಪ್ಪನ ಹೆಂಡತಿ ಸಾವಿತ್ರಿಬಾಯಿಯ ಪಕ್ಕ ಕೂರುತ್ತಾಳೆ. ಕಾರು ಬಂದಾಗಿನಿಂದ ಹುಡುಗಿಯ ಬಾಯಲ್ಲಿ ಈ ಚಿಕ್ಕಮ್ಮ, ಅವಳ ಕಾಕು, ಒಬ್ಬಳೇ. ಜಡೆಯನ್ನೂ ಕಾಕುವೇ ಹಾಕಬೇಕು. ಉಮಾಬಾಯಿಯನ್ನೂ ಕಾರಿಗೆ ಕರೆದಿದ್ದರು. “ನನಗ ಬಸ್ಸೇ ಛಲೋ” ಎಂದುಬಿಟ್ಟಿದ್ದಳು.

“ಗಾಳಿ ಒಳಗ ಹೊಂಟಿಲ್ಲ ಅನಸ್ತದ,” ಎಂದ ಸಿದ್ದರಾಮಪ್ಪ ಮಗ್ಗದ ಶೆಡ್ಡಿನ ಕಿಟಕಿಯಿಂದ ಚಿಟಿಕೆ ಅರಳೆ ತಂದು, ಎಂಜಿನ್ ಚಾಲು ಇಟ್ಟು, ಗಾಳಿ ಸೇದುವ ಕೊಳವೆಯ ಬಾಯಿಗೆ ಹಿಡಿದ. ಅರಳೆ ಅಲುಗಲಿಲ್ಲ. ಗಾಳಿ ಸೋಸುವ ಡಬ್ಬಿ ಬಿಚ್ಚಿದರೆ ಒಳಗೆ ಗಾದಿ ತುಂಬಿದಂತೆ ಅರಳೆ. ಬಿಸಿಲಿಗೆ ಬಣ್ಣ ಹೋದೀತೆಂದು ಸಾವಿತ್ರಿಬಾಯಿ ಕಾರನ್ನು ಮಗ್ಗಗಳ ಪಕ್ಕದಲ್ಲೇ ನಿಲ್ಲಿಸಲು ಹಟ ಹಿಡಿದಿದ್ದಳು.

“ಕಾರಿಗೂ ಚಾದರ ನೇಯೂದು ಕಲಿಸೀಯೇನ?” ಎಂದು ಹೆಂಡತಿಯನ್ನು ಕೇಳಿದ.

“ಮಗ್ಗ ನಿಮ್ಮವು. ನನಗ್ಯಾಕ ಅಂತೀರಿ?”

ಅವನು ಎಲ್ಲ ಕೊಡವಿ ಡಬ್ಬಿ ಮುಚ್ಚಿ ಅತ್ತಿಗೆಯನ್ನು ಕೂಗಿದ. “ವೈನಿ, ಈ ಅರಳಿ ಹಿಡೀರಿ. ನಾ ರೇಸ್ ಮಾಡ್ತೀನಿ.”

ಉಮಾಬಾಯಿ ಹೊರಬಂದು ಹಿಟ್ಟಿನ ಕೈಯಲ್ಲೇ ಹಿಡಿದಳು. ಎಂಜಿನ್ ಗುಡುಗಿತು.

“ಎಳೀತೇನ್ರಿ?”

“ಇಲ್ಲಪಾ.”

ಗಿರಿಜಾ ಬಗ್ಗಿ ನೋಡಿದಳು. “ಯವ್ವಾ, ನೀ ಅದನ್ನ ಬಿಟ್ಟೇ ಇಲ್ಲಲ್ಲ.”

ಹೌದು, ಹೆಬ್ಬೆರಳು ಒತ್ತಿ ಬೆಳ್ಳಗಾಗಿತ್ತು. ಉಮಾಬಾಯಿ ಬೆರಳು ಸಡಿಲಿಸಿದಳು. ಅರಳೆ ಹಾರಿ ಕೊಳವೆಗೆ ಅಂಟಿತು. ಗಿರಿಜಾ ಕುಣಿಯುತ್ತ ಓಡಿ ಕಾಕುವಿನ ಪಕ್ಕ ಹತ್ತಿ ಕುಳಿತಳು.

ದಾರಿಯಲ್ಲಿ ವಳಸಂಗದ ಹತ್ತಿರ ಪ್ರತಿ ಸಲ ಗಿರಿಜಾಗೆ ಹೊಟ್ಟೆ ತೊಳಸುತ್ತದೆ. ಸಾವಿತ್ರಿಗೆ ಅದು ಗೊತ್ತಿಲ್ಲ. ಉಟ್ಟಿರುವುದು ಹೊಸ ಇಳಕಲ್ ಸೀರೆ. ಒಂದು ಸಲ ಅದರ ಮೇಲೆ ವಾಂತಿಯಾದರೆ ಮುಂದಿನ ಗುರುವಾರ ಕರೆಯುತ್ತಾಳೋ, ನೋಡೋಣ. ಕಾರಿನ ಕಿಟಕಿಯಿಂದ ಮಗಳು ಕೈಬೀಸಿದಳು.

ಉಮಾಬಾಯಿ ಒಳಗಿನಿಂದ ನಿಂಬೆಹಣ್ಣು ತಂದು ಸಾವಿತ್ರಿಯ ಕೈಗಿಟ್ಟಳು. “ವಳಸಂಗ ಬಂತಂದ್ರ ಆಕಿ ಮಾತು ನಿಲ್ಲಸ್ತಾಳ. ಆಗ ಇದನ್ನ ಮೂಗಿಗೆ ಹಿಡಿ.”

“ಗಾಡಿ ನಿಲ್ಲಸಬೇಕೇನ್ರಿ, ಅಕ್ಕಾ?”

“ಬ್ಯಾಡ.” ಉಮಾಬಾಯಿ ಮಗಳ ಜಡೆ ನೇವರಿಸಿದಳು. “ತೊಡಿ ಮ್ಯಾಲ ಮಲಗಿಸ್ಕೊ.”

ಕಾರು ಒಮ್ಮೆಯೂ ಕೆಮ್ಮದೆ ಗೇಟು ದಾಟಿತು. ಉಮಾಬಾಯಿ ಒಳಗೆ ಹೋಗಿ, ಬಸ್ಸಿಗೆಂದು ಕಟ್ಟಿದ್ದ ಬುತ್ತಿ ಬಿಚ್ಚಿ, ಮಗಳ ಪಾಲಿನ ರೊಟ್ಟಿ ತೆಗೆದಿಟ್ಟಳು.