ಕಿರಿಯರು ಮೊದಲು

"ಇವತ್ತೇ ಹೋಗ್ಬೇಕಾ?" ಎಂದು ಅತ್ತೆ ಎರಡನೆಯ ಸಲ ಕೇಳುವಾಗ ಅವಳು ಚಪ್ಪಲಿಗೆ ಕಾಲು ತೂರಿಸಿಯಾಗಿತ್ತು.

"ಸೋಮವಾರ ಅಲ್ವಾ ಅತ್ತೆ."

"ಸೋಮವಾರ ಆದ್ರೇನು?"

"ಮೀಟಿಂಗ್ ಇರುತ್ತೆ."

ಅಂತ್ಯಕ್ರಿಯೆಗೆ ಬಂದ ನೆಂಟರಲ್ಲಿ ಕೊನೆಯವರು ನಿನ್ನೆ ಸಂಜೆ ಹೊರಟಿದ್ದರು. ಇವತ್ತು ಹಾಲಿನವನು ಎಂದಿನಂತೆ ಬಂದ, ನಲ್ಲಿಯಲ್ಲಿ ಎಂದಿನಂತೆ ನೀರು ಬಂತು. ಗಂಡ ಸತ್ತು ಒಂಬತ್ತು ದಿನಕ್ಕೇ ಆಫೀಸಿಗೆ ಹೊರಟವಳನ್ನು ಅತ್ತೆ ತಡೆಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗನಿದ್ದಾಗ ಬೈಯುತ್ತಿದ್ದರು.

ಅವಳದು ಬಸ್ಸುಗಳ ವೇಳಾಪಟ್ಟಿ ತಯಾರಿಸುವ ಆಫೀಸು. ಮೂರು ವರ್ಷದ ಹಿಂದೆ ಮುಖ್ಯಸ್ಥರು ಎರಡು ದಿನದ ತರಬೇತಿಗೆ ಹೋಗಿ ಹೊಸ ನಿಯಮ ಹೊತ್ತು ತಂದಿದ್ದರು. ಸೋಮವಾರದ ಮೀಟಿಂಗಿನಲ್ಲಿ ಕಿರಿಯರು ಮೊದಲು ಮಾತಾಡಬೇಕು, ಮುಖ್ಯಸ್ಥರು ಕೊನೆಗೆ. ಕೆಳಗಿನವರ ಮಾತು ಮೇಲಿನವರನ್ನು ಬದಲಿಸಬೇಕು. ನಿಯಮಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಕಿರಿಯರು ಮುಖ್ಯಸ್ಥರ ಹುಬ್ಬು ನೋಡಿಕೊಂಡು ಮಾತಾಡುವುದನ್ನು ಕಲಿತಿದ್ದರು.

"ಅಕ್ಕಾ," ಮೆಟ್ಟಿಲ ಬಳಿ ಟೈಪಿಸ್ಟ್ ಹುಡುಗಿ ಅವಳ ಕೈ ಹಿಡಿದುಕೊಂಡಳು. ಸ್ವಲ್ಪ ಅತ್ತಳು. ಕಣ್ಣೊರೆಸಿಕೊಂಡು, "ಶನಿವಾರ ಅರ್ಧ ದಿನದ ವಿಷಯ ನೀವೇ ಎತ್ತಿ ಅಕ್ಕಾ. ಇವತ್ತು ನೀವು ಏನ್ ಹೇಳಿದ್ರೂ ನಡೆಯುತ್ತೆ" ಎಂದಳು. ಆಮೇಲೆ ನಾಲಗೆ ಕಚ್ಚಿಕೊಂಡಳು.

ಪ್ರತಿ ಭಾನುವಾರ ಸಂಜೆ ಗಂಡ ಮಂಚದ ಮೇಲೆ ದಿಂಬು ಪೇರಿಸಿಕೊಂಡು ಮುಖ್ಯಸ್ಥನಾಗುತ್ತಿದ್ದ. ಅವಳು ನಿಂತು ಮರುದಿನದ ಮಾತನ್ನು ಒಪ್ಪಿಸಬೇಕು. ಆಸ್ಪತ್ರೆ ನಿಲ್ದಾಣದಲ್ಲಿ ಬಸ್ಸು ಎರಡು ನಿಮಿಷ ಹೆಚ್ಚು ನಿಲ್ಲಬೇಕು, ಮುದುಕರು ಹತ್ತುವುದಕ್ಕೆ ಸಮಯ ಸಾಲುವುದಿಲ್ಲ. "ಆಗಲ್ಲಮ್ಮ," ಎನ್ನುತ್ತಿದ್ದ. "ಯಾಕೆ ಆಗಲ್ಲ?" "ನನ್ನಿಷ್ಟ." ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಸೋಮವಾರ ಮುಖ್ಯಸ್ಥರೂ ಆಗಲ್ಲ ಎನ್ನುತ್ತಿದ್ದರು, ಅಷ್ಟು ಚೆಂದವಾಗಿ ಅಲ್ಲ.

ಇವತ್ತು ಮೀಟಿಂಗಿನಲ್ಲಿ ಅವಳು ಆ ವಾಕ್ಯ ಮುಗಿಸುವ ಮುಂಚೆಯೇ ಮುಖ್ಯಸ್ಥರು ಕಣ್ಣು ಮುಚ್ಚಿ ತಲೆತಗ್ಗಿಸಿದರು. "ಆಸ್ಪತ್ರೆ... ನಿಮ್ಮ ನೋವು ನನಗೆ ಅರ್ಥ ಆಗುತ್ತೆ. ಎರಡಲ್ಲ, ಮೂರು ನಿಮಿಷ."

ಅವನು ಸತ್ತದ್ದು ರಜೆಯ ಮಧ್ಯಾಹ್ನ, ಮನೆಯಲ್ಲಿ, ನಿದ್ದೆಯಲ್ಲಿ. ಆಸ್ಪತ್ರೆಗೂ ಅದಕ್ಕೂ ಸಂಬಂಧವಿರಲಿಲ್ಲ. ಅವಳು ತಿದ್ದಲಿಲ್ಲ.

ಶನಿವಾರದ ಅರ್ಧ ದಿನ ಎಂದಳು. ಅದೂ ಆಯಿತು. ಟೈಪಿಸ್ಟ್ ಮೇಜಿನ ಕೆಳಗೆ ಅವಳ ಮಂಡಿ ಒತ್ತಿದಳು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಎಲ್ಲರೂ ಅವಳ ಬರಿಗೈ ನೋಡುತ್ತಿದ್ದರು. ಎಲ್ಲಿಯವರೆಗೆ ಹೋಗುತ್ತೆ ಇದು, ಎಂದುಕೊಂಡಳು. ಎಲ್ಲಾದರೂ ಒಂದು ಗೋಡೆ ಇರಲೇಬೇಕಲ್ಲ.

ಅವಳ ಎದುರು, ಕಿಟಕಿಯ ಪಕ್ಕ ಕೂರುವ ಹಿರಿಯ ಪರಿಶೀಲಕರಿಗೆ ಆಫೀಸಿನಲ್ಲಿ ಏಳುಹತ್ತು ಎಂದೇ ಹೆಸರು. ಪಟ್ಟಿಯನ್ನು ಬಾಯಿಬಿಟ್ಟು ಓದಿದರೇ ಅವರಿಗೆ ತಪ್ಪು ಸಿಗುವುದು: ಏಳು ಹತ್ತು, ಏಳು ಇಪ್ಪತ್ತೆರಡು, ಏಳು ಮೂವತ್ತಾರು... ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತೆ ಎನ್ನುತ್ತಿದ್ದರು. ಅವಳಿಗೆ ಕೆಲಸ ಕಲಿಸಿದವರು ಅವರೇ.

"ಇವರು ಗಟ್ಟಿಯಾಗಿ ಓದ್ತಾರೆ," ಎಂದಳು. "ನನಗೆ ಕೆಲಸ ಮಾಡೋಕೆ ಆಗಲ್ಲ. ಬೇರೆ ಕಡೆ ಕೂರಿಸಿ."

ಮುಖ್ಯಸ್ಥರನ್ನೇ ನೋಡಿದಳು. ಆಗಲ್ಲ ಅನ್ನಿ. ಇದು ಅನ್ಯಾಯ ಅನ್ನಿ. ಮುಖ್ಯಸ್ಥರು ಬರೆದುಕೊಂಡರು.

"ಅದೇ ಸರಿ," ಎಂದರು ಏಳುಹತ್ತು. "ನನಗೇ ಹೊಳೀಬೇಕಿತ್ತು."

ಹನ್ನೊಂದೂವರೆಗೆ ಅವರ ಮೇಜು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ಇಳಿಯಿತು. ಅವಳು ಮುಖ್ಯಸ್ಥರ ಬಾಗಿಲು ತಟ್ಟಿದಳು.

"ನಾನು ಹೇಳಿದ್ದು ತಪ್ಪು ಸರ್."

"ನಿಮ್ಮದು ದೊಡ್ಡ ಮನಸ್ಸು."

"ಮಾತು ವಾಪಸ್ ತಗೋತೀನಿ."

"ಕೂತ್ಕೊಳ್ಳಿ. ನೀರು ಕುಡೀರಿ." ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಮೂರು ವರ್ಷದಲ್ಲಿ ಮೊದಲ ಸಲ, ಕಿರಿಯರೊಬ್ಬರ ಮಾತು ಅದೇ ದಿನ ಜಾರಿಗೆ ಬಂತು. ಮೇಲಿನವರಿಗೂ ತಿಳಿಸಿದೀನಿ. ಈಗ ಬದಲಾಯಿಸಿದ್ರೆ ನಾಳೆ ಯಾರು ಬಾಯಿ ಬಿಡ್ತಾರೆ ಹೇಳಿ?"

ಅವಳು ನೀರು ಕುಡಿದಳು.

ನೆಲಮಾಳಿಗೆಗೆ ಕಿಟಕಿಯಿರಲಿಲ್ಲ. ಏಳುಹತ್ತು ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕೂತಿದ್ದರು. ಹಿಡಿದ ಹಾಳೆಯ ಮೇಲೆ ಬೆವರು ಬಿದ್ದಿತ್ತು.

"ಬನ್ನಿ ಅಮ್ಮ. ಇಲ್ಲಿ ಕಿರುಚಿಕೊಂಡೇ ಓದಬಹುದು, ಹೆಗ್ಗಣಗಳದ್ದೇನೂ ದೂರಿಲ್ಲ."

"ನೀವಾದ್ರೂ ಬೇಡ ಅನ್ನಬಹುದಿತ್ತು ಸರ್."

"ನಿಮಗಾ?" ಅವರು ಹಾಳೆ ತಿರುಗಿಸಿದರು. "ಈಗಾ?"

ಅವಳು ಹೊರಡುವಾಗ ಗಂಟಲು ಸರಿಮಾಡಿಕೊಂಡರು. "ತಪ್ಪು ತಿಳೀಬೇಡಿ. ನಿಮ್ಮ ಫ್ಯಾನ್ ಸುಟ್ಟುಹೋದಾಗ ನಿಮ್ಮ ಯಜಮಾನ್ರು ನಮ್ಮ ಮನೆಯಿಂದ ಟೇಬಲ್ ಫ್ಯಾನ್ ತಗೊಂಡು ಹೋಗಿದ್ರು. ಅವಸರ ಇಲ್ಲ. ಇಲ್ಲಿ ಸ್ವಲ್ಪ ಸೆಕೆ, ಅದಕ್ಕೆ."

ಊಟದ ಬಿಡುವಿನಲ್ಲಿ ಮನೆಗೆ ನಡೆದಳು. ಫ್ಯಾನು ಮಂಚದ ಪಕ್ಕದಲ್ಲೇ ಇತ್ತು. ಅವನು ಸತ್ತ ಮಧ್ಯಾಹ್ನ ಅವಳು ಬಾಗಿಲು ತೆಗೆದಾಗ ಇನ್ನೂ ತಿರುಗುತ್ತಿತ್ತು. ಅವನ ಕೂದಲು ಹಾರುತ್ತಿತ್ತು, ಹಾಗಾಗಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಫ್ಯಾನು ಆರಿಸಿದವಳು ಅವಳೇ.

"ಅದನ್ಯಾಕೆ ಒಯ್ತೀಯಾ?" ಅತ್ತೆ ಕೇಳಿದರು.

"ಬೇರೆಯವರದ್ದು."

ಅತ್ತೆ ಬಾಗಿಲಿನಿಂದ ಸರಿದು ದಾರಿ ಬಿಟ್ಟರು.

ಫ್ಯಾನನ್ನು ಮಗುವಿನಂತೆ ಎದೆಗೊತ್ತಿಕೊಂಡು ಬೀದಿ ದಾಟಿದಳು. ಜನ ಜಾಗ ಮಾಡಿಕೊಟ್ಟರು. ಮೆಟ್ಟಿಲಿಳಿದು, ಕಡತಗಳ ಮೇಲಿಟ್ಟು, ಪ್ಲಗ್ ಸಿಕ್ಕಿಸಿದಳು. ಏಳುಹತ್ತು ತಲೆಯೆತ್ತಲಿಲ್ಲ. ಅವರ ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ಕೇಳುವವರೇ ಇಲ್ಲದ ಈ ಕೋಣೆಯಲ್ಲೂ ಅವರು ಮನಸ್ಸಿನಲ್ಲೇ ಓದುತ್ತಿದ್ದರು.

"ನಾನು ಮೇಲೆ ಹೋಗ್ಲಾ ಸರ್?"

ತುಟಿ ನಿಲ್ಲಲಿಲ್ಲ. ಫ್ಯಾನು ಒಮ್ಮೆ ಗೊರಗುಟ್ಟಿ, ಅವಳತ್ತ ತಿರುಗಿ, ಆಗಲ್ಲ ಎನ್ನುವಂತೆ ನಿಧಾನವಾಗಿ ತಲೆಯಾಡಿಸತೊಡಗಿತು. ಎಡಕ್ಕೆ, ಬಲಕ್ಕೆ, ಎಡಕ್ಕೆ. ಅವಳು ಅದರ ಮುಂದೆ ನಿಂತೇ ಇದ್ದಳು.