ಹಿಂದಿನ ಗೋಡೆಯ ತೇಪೆ

ಚಂದ್ರಕಲಾ ಮಣ್ಣಿನಲ್ಲಿ ಕಟ್ಟಿದ ಮೊದಲನೇ ಗುಡಾಣ ಅಂಗಳದಲ್ಲೇ ಸೀಳಿಹೋಯಿತು. ಕಂಪ್ಲಿಯ ಹೊಳೆಗಾಳಿ ಒಂದೇ ಮಗ್ಗುಲಿಗೆ ಬಡಿದು ಅತ್ತ ಬೇಗ ಆರಿತ್ತು, ಇತ್ತ ಹಸಿಯೇ ಇತ್ತು. ಬಾಯಿಂದ ಬುಡದವರೆಗೆ ಬಿರುಕು. ಗಂಡ ಮಾರೇಶ್ ಅದರೊಳಗೆ ಬೆರಳು ತೂರಿಸಿ ನೋಡಿದ, ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲವೇನೋ ಎಂಬಂತೆ.

“ಇನ್ನೊಂದು ಕೆಟ್ರ ಶೆಡ್ ಖಾಲಿ ಮಾಡು. ಪಂಕ್ಚರ್ ಅಂಗಡಿ ಹಾಕ್ತೀನಿ,” ಅಂದ.

ಮಾವ ಮೂಕಣ್ಣ ಕಟ್ಟೆಯ ಮೇಲೆ ಕೂತು ತನ್ನ ಹಳೇ ಮಾತನ್ನೇ ಆಡಿದ: “ನಮ್ಮಪ್ಪ ಜೀವಮಾನದಾಗ ಒಂದು ಗುಡಾಣಾನೂ ಕೆಡಿಸಲಿಲ್ಲ.”

ಇದನ್ನು ಕೇಳಿ ಕೇಳಿ ಚಂದ್ರಕಲಾಗೆ ಸಾಕಾಗಿಹೋಗಿತ್ತು. ಆ ಅಜ್ಜ ಅವಳು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದ. ಗೋಡೆಯ ಫೋಟೋದಲ್ಲಿ ಮೀಸೆ ಮಾತ್ರ ಉಳಿದಿತ್ತು. ಆ ಮೀಸೆಯನ್ನು ಮೀರಿಸುವ ಹಟ ಅವಳಿಗಿರಲಿಲ್ಲ. ಮಾವನ ಕೈಯಲ್ಲಿ ಕಲಿತ ಕೆಲಸ, ಕೂತು ಮಾಡಲು ಒಂದು ಶೆಡ್ಡು, ಅಷ್ಟು ಉಳಿದರೆ ಸಾಕಿತ್ತು. ಕಡ್ಡಿರಾಂಪುರದ ಹೋಂಸ್ಟೇಯವರು ಅಂಗಳದಲ್ಲಿಡಲು ಎದೆಮಟ್ಟದ ಗುಡಾಣ ಕೇಳಿದ್ದರು. ಅದೊಂದು ನೆಟ್ಟಗೆ ಬಂದರೆ ಮಾರೇಶನ ಬಾಯಿ ಮುಚ್ಚುತ್ತಿತ್ತು.

ಎರಡನೆಯದನ್ನು ಶೆಡ್ಡಿನೊಳಗೆ, ಗಾಳಿ ಸುಳಿಯದ ಮೂಲೆಯಲ್ಲಿ ಕಟ್ಟಿದಳು. ಒಂದು ಸುತ್ತು ಮಣ್ಣು ಏರಿಸುವುದು, ಹಲಗೆಯಿಂದ ಬಡಿಯುವುದು, ಗಟ್ಟಿಯಾಗುವವರೆಗೆ ಕಾಯುವುದು, ಮತ್ತೊಂದು ಸುತ್ತು. ಕಾಯುವಾಗ ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದಳು. ಅದರ ನಡುವೆ ಅಗಲವಾದ ತೇಪೆಯೊಂದಿತ್ತು. ಅಲ್ಲಿನ ಕಲ್ಲೇ ಬೇರೆ, ಮಣ್ಣೇ ಬೇರೆ. ಯಾವುದೋ ಮಳೆಗೆ ಬಿದ್ದದ್ದನ್ನು ಕಟ್ಟಿರಬೇಕು ಅಂದುಕೊಂಡಿದ್ದಳು. ಗುಡಾಣದ ಹೊಟ್ಟೆ ಉಬ್ಬಿತು, ಕೊರಳು ಕೂತಿತು, ಕೂದಲೆಳೆಯ ಬಿರುಕೂ ಇಲ್ಲದೆ ಒಣಗಿತು. ಮೂಕಣ್ಣ ಆಗಾಗ ಬಂದು ನೋಡಿ, ಏನೋ ಹೇಳಲು ಬಾಯಿ ತೆರೆದು, ಹೇಳದೆಯೇ ಹೋಗುತ್ತಿದ್ದ.

ಸುಡಲು ಆವಿಗೆಗೆ ಒಯ್ಯುವ ದಿನ ಎಲ್ಲರಿಗೂ ಒಟ್ಟಿಗೇ ಕಂಡಿತು: ಗುಡಾಣದ ಹೊಟ್ಟೆ ಬಾಗಿಲಿಗಿಂತ ಒಂದು ಗೇಣು ಅಗಲ. ಮಾರೇಶ್ ಬಿದ್ದು ಬಿದ್ದು ನಕ್ಕ. ಚಂದ್ರಕಲಾಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಬಂತು. ಗಾಳಿಯ ಬಗ್ಗೆ ಅಷ್ಟೆಲ್ಲ ಯೋಚಿಸಿದವಳು ಬಾಗಿಲನ್ನು ಮರೆತಿದ್ದಳು.

“ಒಡೆದು ನೀರಾಗ ನೆನಿಹಾಕು. ಸುಡದ ಮಣ್ಣು, ಮತ್ತ ಕೆಸರಾಗತೈತಿ,” ಅಂದ ಮಾರೇಶ್.

ಬೇರೆ ದಾರಿ ಕಾಣದೆ ಅವಳು ಹಲಗೆ ಎತ್ತಿದಳು. ಅಷ್ಟರಲ್ಲಿ ಮೂಕಣ್ಣ ಹಾರೆ ಹಿಡಿದು ಒಳಗೆ ಬಂದ. ಯಾರ ಮುಖವನ್ನೂ ನೋಡದೆ ಹಿಂದಿನ ಗೋಡೆಯ ತೇಪೆಗೆ ಅದರ ಮೊನೆ ಹಚ್ಚಿದ.

“ಇಲ್ಲೇ ಒಡೀರಿ. ನಮ್ಮಪ್ಪನೂ ಇಲ್ಲೇ ಒಡೆದಿದ್ದ.”

ಚಂದ್ರಕಲಾ ಹಲಗೆ ಕೆಳಗಿಟ್ಟಳು. “ಒಂದೂ ಕೆಡಿಸಲಿಲ್ಲ ಅಂತಿದ್ರಲ್ಲ ಮಾವ?”

“ಊರು ನಗತೈತಿ ಅಂತ ಜಲ್ದಿ ಜಲ್ದಿ ಗೋಡೆ ಮುಚ್ಚಿದ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡೆ ಆಣೆ ಮಾಡಿಸ್ಕೊಂಡ,” ಅಂದ ಮೂಕಣ್ಣ. ಅವನ ಮುಖ ಸಣ್ಣದಾಗಿತ್ತು.

ಗುಡಾಣ ಹಿಂದಿನ ಗೋಡೆಯಿಂದ ಹೊರಗೆ ಬಂತು. ಆವಿಗೆಯಲ್ಲಿ ಕೆಂಪಗೆ ಸುಟ್ಟು, ತಟ್ಟಿದರೆ ಖಣ್ ಎನ್ನುವಂತಾಗಿ, ಹುಲ್ಲಿನ ಮೆತ್ತೆಯ ಮೇಲೆ ಕೂತು ಕಡ್ಡಿರಾಂಪುರಕ್ಕೆ ಹೋಯಿತು. ಮಾರೇಶ್ ಪಂಕ್ಚರಿನ ಮಾತೆತ್ತಲಿಲ್ಲ. ಬಿದ್ದ ಕಲ್ಲುಗಳನ್ನು ಒಟ್ಟಿ, ಗೋಡೆ ಮುಚ್ಚಲು ಮಣ್ಣು ಕಲಸತೊಡಗಿದ.

ಚಂದ್ರಕಲಾ ಅವನ ಕೈಯಿಂದ ಸಲಿಕೆ ಕಸಿದುಕೊಂಡಳು.

“ಗಾಳಿಗೆ ತಾಡಪತ್ರಿ ಕಟ್ಟಿದ್ರಾತು. ಮುಚ್ಚಬ್ಯಾಡ್ರಿ, ಇನ್ನೊಂದು ಕಟ್ಟೋದೈತಿ.”