ಮಳೆಗಾಲದಲ್ಲಿ ಹಾಕಿದ ಲೆಕ್ಕ

ಎಸಿ ಅಶೋಕನೆಂದರೆ ಸಾಲಿಗ್ರಾಮದಿಂದ ಬೈಂದೂರಿನವರೆಗೆ ಗೊತ್ತಿಲ್ಲದವರಿಲ್ಲ. ಹದಿನಾಲ್ಕು ವರ್ಷ ಮುಂಬಯಿಯಲ್ಲಿ ಕೆಲಸ ಕಲಿತು ಬಂದವನು. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಕೋಣೆಗೆ ಎಷ್ಟು ಟನ್ನಿನ ಎಸಿ ಬೇಕೆಂದು ಹೇಳಿಬಿಡುತ್ತಿದ್ದ. ಆ ಹಮ್ಮು ಅವನಿಗಿತ್ತು, ಸುಳ್ಳೇಕೆ ಹೇಳಬೇಕು.

೨೦೦೯ರ ಜೂನಿನಲ್ಲಿ ಬೋಟಿನವರ ಸಂಘ ಎಸಿ ಹಾಕಲು ಅವನನ್ನು ಬಂದರಿನ ವಯರ್‌ಲೆಸ್ ಕೋಣೆಗೆ ಕರೆಸಿತು. ಕಡಲಿಗೆ ಹೋದವರ ಜೊತೆ ಮಾತಾಡುವ ಕೋಣೆ ಅದು. ಅಶೋಕನ ತಮ್ಮ ಕಿಟ್ಟನೂ ಒಂದು ಬೋಟು ನಡೆಸುತ್ತಿದ್ದ. ಆಗ ಮಳೆಗಾಲದ ರಜೆ, ಬೋಟುಗಳೆಲ್ಲ ದಡದಲ್ಲಿದ್ದವು. ವಯರ್‌ಲೆಸ್ ಸೆಟ್ ನೋಡಿಕೊಳ್ಳುವ ಚಂದಯ್ಯ ಎಲ್ಲ ಬಂದ್ ಮಾಡಿ ಮೇಲೊಂದು ಹಳೆಯ ಲುಂಗಿ ಹೊದಿಸಿದ್ದ.

"ಇಲ್ಲ್ ಎಷ್ಟ್ ಜನ ಕೂಕಂತ್ರಿ, ಚಂದಯ್ಯಣ್ಣ?"

"ನಾ ಒಬ್ನೇ ಮಾರಾಯ."

ಹತ್ತು ಅಡಿಗೆ ಹನ್ನೆರಡು, ಒಬ್ಬ ಮನುಷ್ಯ, ಒಂದು ಕಿಟಕಿ. ಒಂದು ಟನ್ ಎಂದು ಅಶೋಕ ಬರೆದುಕೊಟ್ಟು, ಅದನ್ನೇ ಕೂರಿಸಿದ. ಯಂತ್ರ ಕುಡಿಯುವ ಕರೆಂಟು ಕೊನೆಗೆ ಬಿಸಿಯಾಗಿ ಕೋಣೆಗೇ ಬೀಳುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆ ಲುಂಗಿ ಎತ್ತಿ, ಸೆಟ್ಟಿನ ಹಿಂದೆ ಬರೆದ ವ್ಯಾಟ್ ಓದಿ ಕೂಡಿಸಬೇಕಿತ್ತು. ತಣ್ಣಗಿದ್ದ ಕೋಣೆಯಲ್ಲಿ ಆ ಯೋಚನೆಯೇ ಅವನಿಗೆ ಬರಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದವು. ಮೂರು ಸೆಟ್, ಚಾರ್ಜರ್, ಇನ್ವರ್ಟರ್ ಹಗಲಿಡೀ ಉರಿದವು. ಮಳೆ ಇರುವಷ್ಟು ದಿನ ಹೇಗೋ ನಡೆಯಿತು. ಅಕ್ಟೋಬರಿನ ಬಿಸಿಲಿಗೆ ಚಂದಯ್ಯನ ಫೋನು ಬಂತು.

"ಹ್ವಾಯ್ ಅಶೋಕ, ಎಸಿ ಇದ್ರೂ ರೂಮ್ ಒಲಿ ಆಯ್ತ್. ಸೆಟ್ ತನ್ನಷ್ಟಕ್ಕೇ ಬಂದ್ ಆತ್ತ್ ಮಾರಾಯ."

"ಗ್ಯಾಸ್ ಕಡ್ಮಿ ಆಯ್ತ್ ಕಾಣತ್ತ್. ಗುರುವಾರ ಬತ್ತೆ," ಎಂದ ಅಶೋಕ. ಅವನಾಗ ಕೊಲ್ಲೂರಿನ ಲಾಡ್ಜೊಂದರ ಕೆಲಸದಲ್ಲಿದ್ದ.

ಮಂಗಳವಾರ ಮಧ್ಯಾಹ್ನ ಗಾಳಿ ಎದ್ದು ಕಿಟ್ಟನ ಬೋಟಿಗೆ ನೀರು ನುಗ್ಗಿತು. ಅದೇ ಹೊತ್ತಿಗೆ ದಡದ ಕೋಣೆಯಲ್ಲಿ ಸೆಟ್ಟುಗಳೆಲ್ಲ ಬಿಸಿಯೇರಿ ನಲವತ್ತು ನಿಮಿಷ ಸತ್ತಂತಿತ್ತು. ಆರು ಜನರನ್ನು ಆ ದಾರಿಯಲ್ಲಿ ಬಂದ ಇನ್ನೊಂದು ಬೋಟಿನವರು ಎತ್ತಿಕೊಂಡರು. ಕಿಟ್ಟ ಮೂರನೇ ದಿನ ಹೆಣವಾಗಿ ಕಿರಿಮಂಜೇಶ್ವರದ ದಡಕ್ಕೆ ಬಂದ.

ಊರೆಲ್ಲ ಗಾಳಿಯನ್ನು ಬೈಯಿತು. ಅಶೋಕ ಒಬ್ಬನೇ ಹೋಗಿ ಸೆಟ್ಟುಗಳ ಹಿಂದೆ ಬಗ್ಗಿ ಲೆಕ್ಕ ಹಾಕಿದ. ಎರಡು ಟನ್ ಬೇಕಿತ್ತು. ಕಿಟ್ಟನ ಹೆಂಡತಿ ಸುಗುಣಳಿಗೆ ಹೇಳಲೇಬೇಕೆಂದು ಅವನಿಗೆ ಅನ್ನಿಸಿತು.

ಅವನು ಹೋದಾಗ ಕಿಟ್ಟನ ಮನೆಯ ಜಗುಲಿಯಲ್ಲಿ ನಾಗ ಕೂತಿದ್ದ, ಉಳಿದು ಬಂದ ಆರು ಜನರಲ್ಲಿ ಒಬ್ಬ.

"ಎಲ್ರೂ ನೀರಿಗ್ ಹಾರಿದ್ರ್. ಕಿಟ್ಟಣ್ಣ ವಯರ್‌ಲೆಸ್ ಮೈಕ್ ಬಿಡ್ಲಿಲ್ಲೆ," ಎಂದು ನಾಗ ಅಳುತ್ತ ಹೇಳಿದ. "'ಆ ರೂಮಿಗೆ ಎಸಿ ಹಾಕದ್ದ್ ನಮ್ಮಣ್ಣ, ಸೆಟ್ ಬಂದ್ ಆಪುದಿಲ್ಲೆ, ಚಂದಯ್ಯಣ್ಣ ಈಗ ಮಾತಾಡ್ತ್ರ್ ಕಾಣ್' ಅಂದ."

ಸುಗುಣ ಕಣ್ಣೊರೆಸಿಕೊಂಡು ಅಶೋಕನತ್ತ ತಿರುಗಿದಳು. "ಕೇಂಡ್ರ್ಯಾ ಭಾವ, ಕಡಿಗೂ ನಿಮ್ಮ್ ಹೆಸ್ರೇ ಹೇಳದ್ದ್."

ತಪ್ಪು ಒಪ್ಪಿಕೊಳ್ಳಲು ಬಂದವನಿಗೇ ಅವಳು ಸಮಾಧಾನ ಹೇಳುತ್ತಿದ್ದಳು. ಅಶೋಕ ಅಲ್ಲೇ ಜಗುಲಿಯ ಮೇಲೆ ಕೂತ. ಲುಂಗಿ, ವ್ಯಾಟು, ಗುರುವಾರ, ಒಂದನ್ನೂ ಬಿಡದೆ ಹೇಳಿದ.

ಸುಗುಣ ಬೈಯಲಿಲ್ಲ.

"ಹಂಗಾರೆ ಅವ್ರ್ ಮೈಕ್ ಹಿಡ್ಕಂಡ್ ಸುಮ್ನೇ ಕಾದದ್ದಾ, ಭಾವ?"